ಮೊದಲು ಐದು ಸೆಕೆಂಡ್ ಸುಮ್ಮನಿರಿ

ಮಂಡ್ಯ ಸೀಮೆಯ ಹಳ್ಳಿಶಾಲೆಯೊಂದರ ಕನ್ನಡ ಮೇಷ್ಟ್ರು ನಾನು. ಒಂದು ಮೊಬೈಲು, ಒಂದು ಹಳೇ ಲ್ಯಾಪ್‌ಟಾಪು, ಒಂದು ಸ್ಪೀಕರ್ ಇಟ್ಟುಕೊಂಡು ಕಲಿತದ್ದಿಷ್ಟು. ಕೆಲವನ್ನು ಮಕ್ಕಳೆದುರು ಪೆಚ್ಚಾಗಿಯೇ ಕಲಿತೆ.

1. ಸೇವ್ ಬೇರೆ, ಎಕ್ಸ್‌ಪೋರ್ಟ್ ಬೇರೆ. ರಾತ್ರಿಯೆಲ್ಲ ಕೂತು ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶದಲ್ಲಿ ಪದ್ಯವೊಂದನ್ನು ಸಿದ್ಧಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದೆ. ಸ್ಪೀಕರ್ ಸೊಲ್ಲೆತ್ತಲಿಲ್ಲ. ಸೇವ್ ಒತ್ತಿದರೆ ಉಳಿಯುವುದು ಮುಂದೆ ತಿದ್ದಲು ಬೇಕಾದ ಪ್ರಾಜೆಕ್ಟ್ ಫೈಲು ಮಾತ್ರ. ಸ್ಪೀಕರಿನಲ್ಲಿ ಕೇಳಿಸಬೇಕಾದರೆ ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡಬೇಕು. ಆವತ್ತು ನಾನೇ ಹಾಡಿದೆ.

2. ರೆಕಾರ್ಡ್ ಒತ್ತಿದ ಮೇಲೆ ಐದು ಸೆಕೆಂಡ್ ಸುಮ್ಮನಿರಿ. ಆ ಮೌನದ ತುಣುಕನ್ನು ತೋರಿಸಿದರೆ ಫ್ಯಾನಿನ ಗುಂಯ್‌ಗುಡುವಿಕೆ ಯಾವುದೆಂದು ಆಡಾಸಿಟಿ ಗುರುತು ಹಿಡಿದು, ಉಳಿದ ಕಡೆಯೆಲ್ಲ ಅದನ್ನು ತಗ್ಗಿಸುತ್ತದೆ. ಶೀಟಿನ ಮೇಲಿನ ಮಳೆಗೆ ಈ ಮದ್ದು ನಾಟುವುದಿಲ್ಲ. ಜಾಸ್ತಿ ಉಜ್ಜಿದರೆ ದನಿಯೇ ತಗಡಾಗುತ್ತದೆ. ಮಳೆ ನಿಲ್ಲಲಿ.

3. ವಾವ್ ಫೈಲು ಸಿ.ಡಿ. ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. 64 ಕೆಬಿಪಿಎಸ್‌ನ ಮೊನೊ ಎಂಪಿ3ಗೆ ಅರ್ಧ ಎಂಬಿ ಸಾಕು, ಮಾತಿಗೆ ಅಷ್ಟೇ ಧಾರಾಳ. ಫೈಲು ತೆರೆಯುವುದು ಕೂಲಿಗೆ ಹೋಗುವ ಅಪ್ಪಂದಿರ ಮೊಬೈಲಿನಲ್ಲಿ, ಅವರ ಡೇಟಾ ನಮ್ಮದಲ್ಲ.

4. ವಿಡಿಯೊದ ದನಿ ತೆಗೆದು ತೋರಿಸಿ. ದನಿಯಿದ್ದರೆ ಮಕ್ಕಳು ಸಿನಿಮಾಕ್ಕೆ ಕೂತಂತೆ ಕೂರುತ್ತಾರೆ. ದನಿ ಆರಿಸಿ, ‘ಈಗ ಏನಾಯ್ತು, ಹೇಳ್ರೋ’ ಎಂದರೆ ಹಿಂದಿನ ಬೆಂಚೂ ಬಾಯಿ ಬಿಡುತ್ತದೆ. ಆಕಾಶವಾಣಿಯ ‘ಚುಕ್ಕಿ ಚಿನ್ನ’ ಎಂಬ ಶಾಲಾ ಮಕ್ಕಳ ಕಾರ್ಯಕ್ರಮದಲ್ಲಿ ಪ್ರಶ್ನೆ ಕೇಳಿ, ಮಕ್ಕಳ ಉತ್ತರಕ್ಕೆಂದು ಬಿಡುವು ಬಿಡುತ್ತಿದ್ದರು. ಬರೀ ರೇಡಿಯೊದಲ್ಲೇ ಅಷ್ಟು ಮಾಡಿದ್ದರು.

5. ಮಗುವಿನ ದನಿಯನ್ನು ಮೊದಲು ಮಗುವಿಗೇ ಕೇಳಿಸಿ. ನಮ್ಮ ಕಡೆ ಹಕಾರ ನಿಲ್ಲುವುದಿಲ್ಲ. ಹುಡುಗನೊಬ್ಬ ‘ಹಕ್ಕಿ ಹಾರಿತು’ ಎಂಬುದನ್ನು ‘ಅಕ್ಕಿ ಆರಿತು’ ಎಂದು ಓದಿದ. ಪಾಠವಾಗಲಿ ಎಂದು ಅದನ್ನು ಇಡೀ ತರಗತಿಗೆ ಹಾಕಿದೆ. ಎಲ್ಲರೂ ನಕ್ಕರು, ವಾರವಿಡೀ ಅವನು ಪುಸ್ತಕ ಮುಟ್ಟಲಿಲ್ಲ. ತಪ್ಪು ನನ್ನದು. ಆಮೇಲೆ ಇಯರ್‌ಫೋನ್ ತಂದೆ. ತನ್ನ ಓದನ್ನು ತಾನೇ ಕೇಳಿ, ‘ಸಾ, ಇಲ್ಲಿ ಬಿಟ್ಟೋಯ್ತು’ ಎಂದು ಅವನೇ ಬೆರಳಿಟ್ಟು ತೋರಿಸಿದ. ನಾನು ಹತ್ತು ಸಲ ತಿದ್ದಿದ್ದರೂ ಅದು ಕಿವಿಗೆ ಬಿದ್ದಿರಲಿಲ್ಲ. ಇನ್ನೊಬ್ಬಳು ತಿದ್ದಿಕೊಳ್ಳುವ ಹುರುಪಿನಲ್ಲಿ ಅಜ್ಜಿಯನ್ನು ‘ಹಜ್ಜಿ’ ಮಾಡಿದಳು! ಆಗ ಹೊಳೆಯಿತು, ನಾನು ಮನೆಮಾತನ್ನೇ ತಪ್ಪೆಂದು ಕಲಿಸುತ್ತಿದ್ದೇನೆಂದು. ಈಗ ಪ್ರತಿ ಮಗುವಿಗೂ ಎರಡು ಫೋಲ್ಡರು: ‘ಪುಸ್ತಕದ ಮಾತು’, ‘ಮನೆ ಮಾತು’. ಎರಡರಲ್ಲೂ ದನಿ ತುಂಬಬೇಕು.

6. ಕೇಳದೆ ರೆಕಾರ್ಡ್ ಮಾಡಬೇಡಿ. ‘ಮನೆ ಮಾತು’ ತುಂಬಿಸಲು ಮಕ್ಕಳು ಅಜ್ಜಿಯೊಬ್ಬರ ಸೋಬಾನೆ ಪದಕ್ಕೆ ಗುಟ್ಟಾಗಿ ಮೊಬೈಲ್ ಹಿಡಿದಿದ್ದರು. ಮಕ್ಕಳನ್ನು ಕರೆದುಕೊಂಡು ಹೋಗಿ ಅಜ್ಜಿಗೆ ವಿಷಯ ಹೇಳಿದೆ. ಅಜ್ಜಿ ಬೈದರು, ಆಮೇಲೆ ‘ಎಲ್ಲಿ, ಹಾಕಿ ನೋಡುವ’ ಅಂದರು. ಕೇಳಿ ತಲೆಯಾಡಿಸಿ, ‘ನಡುವೆ ಎರಡು ಸಾಲು ತಪ್ಪೋಗವೆ ಕಣ್ ಮೇಷ್ಟ್ರೆ, ಅಳಿಸಿ, ಇನ್ನೊಂದ್ಸಲ ಹೇಳ್ತೀನಿ’ ಎಂದು ಎಲೆಯಡಿಕೆ ಉಗಿದು ಬಂದು ಕೂತರು. ಹುಡುಗಿಯೊಬ್ಬಳು ತುಟಿಗೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿ, ಐದರವರೆಗೆ ಎಣಿಸಿದಳು.