ಗಾಲಿ, ಗಾಳಿ, ಪಾಳಿ: ರಸ್ತೆ ಸೈಕಲ್ ಸವಾರರ ಒಳನುಡಿ ಮತ್ತು ಕಿತ್ತೂರು ಸೀಮೆಯ ಕನ್ನಡ

1. ಪೀಠಿಕೆ

ಒಂದು ಕಸುಬನ್ನು ಅಥವಾ ಆಟವನ್ನು ಹಂಚಿಕೊಂಡವರು ತಮ್ಮೊಳಗೆ ಒಂದು ನುಡಿಯನ್ನೂ ರೂಢಿಸಿಕೊಂಡಿರುತ್ತಾರೆ. ಕುಂಬಾರಿಕೆ, ನೇಕಾರಿಕೆ, ಬೇಸಾಯ ಮೊದಲಾದ ವೃತ್ತಿಗಳ ಪದಸಂಪತ್ತನ್ನು ಕನ್ನಡ ಸಂಶೋಧನೆಯು ಶ್ರದ್ಧೆಯಿಂದ ಸಂಗ್ರಹಿಸುತ್ತ ಬಂದಿದೆ. ಆದರೆ ಯಂತ್ರವನ್ನು ಅವಲಂಬಿಸಿದ ಆಟಗಳ ನುಡಿಗೆ ಅಂಥ ಗಮನ ದೊರೆತದ್ದು ಕಡಿಮೆ. ಅಲ್ಲಿನ ಪದಗಳೆಲ್ಲ ಇಂಗ್ಲಿಷಿನವು, ಆದ್ದರಿಂದ ಕನ್ನಡದ ಅಧ್ಯಯನಕ್ಕೆ ಅವು ಹೊರತು ಎಂಬ ಗ್ರಹಿಕೆಯೇ ಇದಕ್ಕೆ ಮುಖ್ಯ ಕಾರಣ. ಈ ಗ್ರಹಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ರಸ್ತೆ ಸೈಕಲ್ ಸವಾರರ ಒಳನುಡಿಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಧ್ಯಯನದ ವ್ಯಾಪ್ತಿಯನ್ನು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಕನ್ನಡಕ್ಕೆ ಸೀಮಿತಗೊಳಿಸಲಾಗಿದೆ. ಇದಕ್ಕೆ ಎರಡು ಕಾರಣಗಳಿವೆ. ನೆರೆಯ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ನಾಡಿಗೆ ಅನೇಕ ರಸ್ತೆ ಸೈಕಲ್ ಪಟುಗಳನ್ನು ಕೊಟ್ಟಿವೆ; ಆ ಆಟದ ಗಾಳಿ ಈ ತಾಲೂಕುಗಳಿಗೂ ಬೀಸಿದೆ. ಎರಡನೆಯದಾಗಿ, ಇದು ಭಾಷಾ ಸಂಪರ್ಕದ ನೆಲ. ಈ ಸೀಮೆ 1956ರ ಏಕೀಕರಣದವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ರಾಮದುರ್ಗವು ಸ್ವಾತಂತ್ರ್ಯದವರೆಗೂ ಮರಾಠಿ ಮನೆತನವೊಂದರ ಸಂಸ್ಥಾನವಾಗಿತ್ತು. ಮುಂಬಯಿ ಕರ್ನಾಟಕಕ್ಕೆ ‘ಕಿತ್ತೂರು ಕರ್ನಾಟಕ’ವೆಂದು ಹೆಸರಿಡುವ ನಿರ್ಧಾರವಾದದ್ದು 2021ರಲ್ಲಿ. ಮರಾಠಿ, ಉರ್ದು ನುಡಿಗಳೊಡನೆ ಬಹುಕಾಲ ಒಡನಾಡಿದ ಇಲ್ಲಿಯ ಕನ್ನಡಕ್ಕೆ ಹೊರಗಿನ ಪದವನ್ನು ತನ್ನದಾಗಿಸಿಕೊಳ್ಳುವ ಅಭ್ಯಾಸ ಹೊಸದಲ್ಲ.

‘ಗ್ರಾಮ್ಯ’ವೆಂಬುದು ಕಾವ್ಯಮೀಮಾಂಸೆಯಲ್ಲಿ ದೋಷಸೂಚಕ ಪದ. ‘ಪರಿಭಾಷೆ’ ಎಂಬುದು ಶಾಸ್ತ್ರದ ಗೌರವವುಳ್ಳ ಪದ. ಸವಾರರ ನುಡಿ ಇವೆರಡರ ನಡುವೆ ನಿಲ್ಲುತ್ತದೆ: ಅದಕ್ಕೆ ಪರಿಭಾಷೆಯ ಖಚಿತತೆಯೂ ಉಂಟು, ಬೀದಿಮಾತಿನ ಹಾಸ್ಯವೂ ಉಂಟು. ಆದ್ದರಿಂದ ಇಲ್ಲಿ ‘ಒಳನುಡಿ’ ಎಂಬ ಪದವನ್ನು ಬಳಸಲಾಗಿದೆ. ರೂಢಿಯಲ್ಲಿರುವ ಪದಗಳನ್ನೂ ಲೇಖನವು ಸೂಚಿಸುವ ಪದಗಳನ್ನೂ ಬೇರೆಬೇರೆಯಾಗಿ ಗುರುತಿಸಲಾಗಿದೆ.

2. ಸೈಕಲ್ಲಿಗಿಂತ ಮೊದಲೇ ಇದ್ದ ಪದಗಳು

ಉತ್ತರ ಕರ್ನಾಟಕದಲ್ಲಿ ಪಂದ್ಯದ ಓಟಕ್ಕೆ ‘ಶರ್ಯತ್ತು’ ಎಂಬುದು ರೂಢಿಯ ಪದ. ಜಾತ್ರೆ ಉತ್ಸವಗಳಲ್ಲಿ ಜೋಡೆತ್ತಿನ ಗಾಡಿ ಶರ್ಯತ್ತು, ಕುದುರೆ ಶರ್ಯತ್ತುಗಳ ಸಾಲಿನಲ್ಲಿಯೇ ಸೈಕಲ್ ಶರ್ಯತ್ತೂ ಸೇರಿಕೊಂಡಿದೆ. ಅರಬ್ಬಿಯ ‘ಶರ್ತ್’ ಎಂಬ ಒಂದೇ ಮೂಲವು ಆಡಳಿತ ಕನ್ನಡದಲ್ಲಿ ‘ಷರತ್ತು’ ಆಗಿ ಕರಾರಿನ ಅರ್ಥವನ್ನು, ಮರಾಠಿಯ ‘ಶರ್ಯತ್’ ಮೂಲಕ ಬಂದ ‘ಶರ್ಯತ್ತು’ ಆಗಿ ಓಟದ ಅರ್ಥವನ್ನು ಪಡೆದಿರುವುದು ಗಮನಾರ್ಹ. ‘ಸವಾರ’ ಎಂಬುದು ಮೊದಲಿಗೆ ಕುದುರೆ ಏರಿದವನು. ಇಂದು ಸೈಕಲ್ ಸವಾರ. ಕುಸ್ತಿಯ ಕಣದಿಂದ ‘ತಾಲೀಮು’, ‘ವಸ್ತಾದ’, ‘ಖುರಾಕು’, ‘ದಮ್ಮು’ ಎಂಬ ಪದಗಳು ದೇಹವನ್ನು ಪಳಗಿಸುವ ಬೇರೆ ಆಟಗಳಿಗೂ ದೊರೆತಿವೆ.

ಕ್ರಿಯಾಪದಗಳಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟವಾಗಿದೆ. ಈ ಭಾಗದಲ್ಲಿ ಸೈಕಲ್ಲನ್ನು ‘ತುಳಿ’ಯುವುದೂ ಉಂಟು, ‘ಹೊಡೆ’ಯುವುದೂ ಉಂಟು. ‘ತುಳಿ’ ಎಂಬುದು ಕಾಲಿನ ಕೆಲಸವನ್ನು ನೇರವಾಗಿ ಹೇಳುತ್ತದೆ. ‘ಸೈಕಲ್ ಹೊಡಿ’ ಎಂಬುದಾದರೋ ‘ಬಂಡಿ ಹೊಡಿ’, ‘ಚಕ್ಕಡಿ ಹೊಡಿ’ ಎಂಬುದರ ಮುಂದುವರಿಕೆ. ಎತ್ತೂ ಇಲ್ಲದ, ಬಾರುಕೋಲೂ ಇಲ್ಲದ ವಾಹನಕ್ಕೆ ಈ ಕ್ರಿಯಾಪದ ಅಂಟಿಕೊಂಡಿರುವುದರಿಂದ, ಹೊಸ ವಾಹನವನ್ನು ಭಾಷೆ ಹಳೆಯ ವಾಹನದ ಮೂಲಕವೇ ಗ್ರಹಿಸಿತೆಂದು ತಿಳಿಯುತ್ತದೆ.

3. ರಿಪೇರಿ ಅಂಗಡಿಯಿಂದ ಬೀದಿಮಾತಿಗೆ

ಇಂದಿನ ಸೈಕಲ್ಲಿನ ರೂಪ ನೆಲೆಗೊಂಡದ್ದು 1885ರ ರೋವರ್ ಸೈಕಲ್ಲು ಮತ್ತು 1888ರಲ್ಲಿ ಡನ್‌ಲಪ್ ರೂಪಿಸಿದ ಗಾಳಿ ತುಂಬಿದ ಟಾಯರುಗಳಿಂದ. ಕಿಟೆಲರ ನಿಘಂಟು ಪ್ರಕಟವಾದದ್ದು 1894ರಲ್ಲಿ. ಹೀಗಾಗಿ ಈ ಯಂತ್ರದ ಪದಗಳು ಕನ್ನಡದಲ್ಲಿ ಬೇರೂರಿದ ಬಗೆಯನ್ನು ಹಳೆಯ ಕೋಶಗಳಲ್ಲಿ ಹುಡುಕುವಂತಿಲ್ಲ, ಬಾಯಿಮಾತಿನಲ್ಲಿಯೇ ಹುಡುಕಬೇಕು.

ರಿಮ್, ಬೆಲ್, ಹಬ್ ಎಂಬ ಪದಗಳು ರಿಮ್ಮು, ಬೆಲ್ಲು, ಹಬ್ಬು ಎಂದು ಒತ್ತಕ್ಷರ ಪಡೆಯುತ್ತವೆ. ಟ್ಯೂಬ್, ಗೇರ್, ಬ್ರೇಕ್ ಎಂಬವು ಟ್ಯೂಬು, ಗೇರು, ಬ್ರೇಕು ಎಂದಷ್ಟೇ ಆಗುತ್ತವೆ. ಹ್ರಸ್ವದ ಮುಂದೆ ವ್ಯಂಜನ ಇಮ್ಮಡಿಸುತ್ತದೆ, ದೀರ್ಘದ ಮುಂದೆ ಇಲ್ಲ. ಹಳಗನ್ನಡದ ‘ಕಲ್’ ಹೊಸಗನ್ನಡದಲ್ಲಿ ‘ಕಲ್ಲು’ ಆದದ್ದೂ ‘ಕಾಲ್’ ಎಂಬುದು ‘ಕಾಲು’ ಆದದ್ದೂ ಇದೇ ನಿಯಮದಿಂದ. ಅಂದರೆ ಸೈಕಲ್ಲಿನ ಬಿಡಿಭಾಗಗಳು ಕನ್ನಡದ ಒಳನಿಯಮಕ್ಕೆ ಒಳಪಟ್ಟೇ ಕನ್ನಡವಾಗಿವೆ.

ಹೀಗೆ ಒಳಬಂದ ಪದಗಳು ಅಂಗಡಿಯಲ್ಲಿಯೇ ಉಳಿಯಲಿಲ್ಲ. ಹುರುಪು ಕುಂದಿದವನು ‘ಪಂಕ್ಚರ್’ ಆಗುತ್ತಾನೆ. ಪ್ರಭಾವ ತಗ್ಗಿದವನ ‘ಹವಾ’ ಇಳಿಯುತ್ತದೆ. ಹೆಚ್ಚು ದುಡಿಸಿಕೊಂಡವರು ‘ಬೆಂಡು ತೆಗೆದರು’ ಎನಿಸಿಕೊಳ್ಳುತ್ತಾರೆ. ಯಂತ್ರದ ಸ್ಥಿತಿ ಮನುಷ್ಯನ ಸ್ಥಿತಿಗೆ ರೂಪಕವಾದಾಗ ಆ ಪದವನ್ನು ಎರವಲೆಂದು ಕರೆಯುವುದು ಕಷ್ಟ.

4. ಹಿಂಡಿನ ನುಡಿ

ಸಂಘಟಿತ ರಸ್ತೆ ಸ್ಪರ್ಧೆಯ ಒಳನುಡಿ ಇದಕ್ಕಿಂತ ಭಿನ್ನವಾದುದು. ಅದರ ಬಹುಭಾಗವು 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಸ್ಪರ್ಧೆಯ ಪರಂಪರೆಯಿಂದ ಬಂದಿದೆ. ಒಟ್ಟಾಗಿ ಸಾಗುವ ಸವಾರರ ಸಮೂಹಕ್ಕೆ ‘ಪೆಲೊಟಾನ್’ ಎನ್ನುತ್ತಾರೆ. ಫ್ರೆಂಚಿನಲ್ಲಿ ಅದಕ್ಕೆ ಉಂಡೆ, ಸೈನಿಕರ ತುಕಡಿ ಎಂಬ ಅರ್ಥಗಳಿವೆ. ಕನ್ನಡದ ‘ಹಿಂಡು’, ‘ದಂಡು’ ಎಂಬ ಪದಗಳು ಈ ಅರ್ಥಗಳಿಗೆ ತೀರ ಹತ್ತಿರ.

ಹಿಂಡು ಏಕೆ ಕೂಡುತ್ತದೆ ಎಂಬುದನ್ನು ತಿಳಿಯದೆ ಈ ನುಡಿ ಅರ್ಥವಾಗದು. ವೇಗ ಹೆಚ್ಚಿದಂತೆ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವನ ಗಾಲಿಗೆ ಹತ್ತಿ ಸಾಗುವವನಿಗೆ ಆ ಶ್ರಮದಲ್ಲಿ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಉಳಿತಾಯವಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಡ್ರಾಫ್ಟಿಂಗ್’ ಎಂದು ಹೆಸರು. ಅಲ್ಲಿನ ಸವಾರರ ಮಾತಿನಲ್ಲಿ ‘ಗಾಲಿ’ ಎಂದರೆ ಮುಂದಿರುವ ಸವಾರನೇ. ‘ಗಾಲಿ ಹಿಡಿ’ ಎಂದರೆ ಅವನ ಮರೆ ಹಿಡಿ ಎಂದರ್ಥ. ಗಾಳಿಯಿಂದ ಪಾರಾಗಲು ಗಾಲಿ: ಒಂದೇ ವ್ಯಂಜನದಿಂದ ಬೇರೆಯಾಗುವ ಈ ಕನ್ನಡ ಪದಜೋಡಿಯಲ್ಲಿ ಇಡೀ ತಂತ್ರವೇ ಅಡಗಿದೆ.

ಎದುರುಗಾಳಿಯನ್ನು ಒಬ್ಬನೇ ಹೊರುವಂತಿಲ್ಲ. ಸರದಿಯಂತೆ ಮುಂದೆ ಬರಬೇಕು. ಇಂಗ್ಲಿಷಿನಲ್ಲಿ ಹೀಗೆ ಸಾಗುವ ಸಾಲಿಗೆ ಒಂದು ಪದ, ಮುಂದಿರುವ ಸರದಿಗೆ ಇನ್ನೊಂದು ಪದ. ಉತ್ತರ ಕರ್ನಾಟಕದಲ್ಲಿ ಎರಡಕ್ಕೂ ಸಲ್ಲುವ ಪದ ಈಗಾಗಲೇ ಇದೆ: ‘ಪಾಳಿ’. ‘ಪಾಳಿ ಹಚ್ಚು’ ಎಂದರೆ ಸಾಲಾಗಿ ನಿಲ್ಲು. ‘ನಿನ್ನ ಪಾಳಿ’ ಎಂದರೆ ನಿನ್ನ ಸರದಿ. ನೀರು ಬಿಡುವ ಪಾಳಿ, ಕೆಲಸದ ಪಾಳಿಗಳನ್ನು ಬಲ್ಲ ರೈತನ ಮಗನಿಗೆ ಸೈಕಲ್ಲಿನ ಪಾಳಿಯ ಕಟ್ಟುಪಾಡನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಪಾಳಿ ತಪ್ಪಿಸಿ ಸದಾ ಹಿಂದೆಯೇ ಉಳಿಯುವವನಿಗೆ ಇಂಗ್ಲಿಷಿನಲ್ಲಿ ಗಾಲಿ ಹೀರುವವನೆಂಬ ಬೈಗುಳವಿದೆ, ಕನ್ನಡದಲ್ಲಿ ‘ಮೈಗಳ್ಳ’ನಿದ್ದಾನೆ. ಎದುರಾಳಿ ತಂಡಗಳವರೇ ಹಿಂಡಿನಿಂದ ಮುಂದೆ ಹೋಗಿ ಪರಸ್ಪರ ಪಾಳಿ ಕೊಟ್ಟುಕೊಳ್ಳುವುದು ಬೇಸಾಯದ ‘ಮುಯ್ಯಾಳು’ ಪದ್ಧತಿಯನ್ನು ಹೋಲುತ್ತದೆ.

ನೆಲದ ಸ್ವರೂಪವೂ ಈ ನುಡಿಗೆ ಅರ್ಥ ಕೊಡುತ್ತದೆ. ಮುಂಗಾರಿನ ಗಾಳಿ ಪಡುವಣದಿಂದ ಬೀಸುವಾಗ ಬೈಲಹೊಂಗಲದಿಂದ ಮೂಡಲಿಗೆ ಸವದತ್ತಿಯತ್ತ ಹೊರಟವನಿಗೆ ಅದು ಬೆನ್ನಗಾಳಿ, ಮರಳುವವನಿಗೆ ಎದುರುಗಾಳಿ. ಕಿತ್ತೂರಿನಿಂದ ಬಡಗಲಾಗಿ ಬೈಲಹೊಂಗಲಕ್ಕೆ ಸಾಗುವವನಿಗೆ ಅದು ಅಡ್ಡಗಾಳಿ. ಅಡ್ಡಗಾಳಿಯಲ್ಲಿ ನೇರ ಹಿಂದೆ ನಿಂತರೆ ಮರೆ ಸಿಗದು. ಗಾಳಿಯ ಮರೆಯ ಬದಿಗೆ ತುಸು ಸರಿದು ಓರೆಯಾಗಿ ಸಾಗಬೇಕು. ಏಣಿಯ ಮೆಟ್ಟಿಲೆಂಬ ಅರ್ಥದ ‘ಎಶಲಾನ್’ ಎಂಬ ಫ್ರೆಂಚ್ ಪದ ಈ ವಿನ್ಯಾಸವನ್ನು ಸೂಚಿಸುತ್ತದೆ. ಇದಕ್ಕೆ ‘ಓರೆಸಾಲು’ ಎಂಬ ಪದವನ್ನು ಸೂಚಿಸಬಹುದು.

5. ಅರ್ಥ ತಪ್ಪುವ ಎಡೆಗಳು

ಒಳನುಡಿಯನ್ನು ತಪ್ಪಾಗಿ ಗ್ರಹಿಸಿದರೆ ಆಗುವ ನಷ್ಟ ಭಾಷೆಗೆ ಮಾತ್ರ ಸೀಮಿತವಲ್ಲ. ಎರಡು ನಿದರ್ಶನಗಳು ಸಾಕು.

ಒಂದನೆಯದು ‘ಬ್ರೇಕ್’. ಸೈಕಲ್ಲನ್ನು ನಿಲ್ಲಿಸುವ ಸಾಧನಕ್ಕೂ ಹಿಂಡಿನಿಂದ ಬಿಡಿಸಿಕೊಂಡು ಮುನ್ನುಗ್ಗುವ ತಂತ್ರಕ್ಕೂ ಇಂಗ್ಲಿಷಿನಲ್ಲಿ ಉಚ್ಚಾರ ಒಂದೇ, ಬರವಣಿಗೆ ಬೇರೆ. ಕನ್ನಡ ಲಿಪಿಯಲ್ಲಿ ಆ ಬೇರ್ಪಡೆಯೂ ಇಲ್ಲ. ಜೊತೆಗೆ ‘ಬಿಡುವು’ ಎಂಬ ಮೂರನೆಯ ಅರ್ಥವೂ ರೂಢಿಯಲ್ಲಿದೆ. ‘ಬ್ರೇಕ್ ಹೋತು’ ಎಂಬ ಕೂಗನ್ನು ಬ್ರೇಕು ಕೆಟ್ಟಿತು ಎಂದೂ ಮುಂದಿನವರು ತಪ್ಪಿಸಿಕೊಂಡು ಹೋದರು ಎಂದೂ ತಿಳಿಯಬಹುದು. ಗಾಲಿಗೆ ಗಾಲಿ ಹತ್ತಿ ಸಾಗುವ ಗುಂಪಿನಲ್ಲಿ ಒಬ್ಬ ನಿಧಾನಿಸಿ ಇನ್ನೊಬ್ಬ ನುಗ್ಗಿದರೆ ಬೀಳುವುದು ಇಬ್ಬರೇ ಅಲ್ಲ. ಹಗ್ಗ ಹರಿದ ಎತ್ತಿಗೆ ಹೇಳುವ ‘ಕಿತ್ತುಕೊಂಡು ಓಡು’ ಎಂಬ ಮಾತನ್ನು ಎರಡನೆಯ ಅರ್ಥಕ್ಕೆ ಬಳಸಿದರೆ ಗೊಂದಲಕ್ಕೆ ಎಡೆಯಿರದು. ಎಚ್ಚರಿಕೆಯ ಕೂಗುಗಳಿಗೂ ಈ ಮಾತು ಅನ್ವಯಿಸುತ್ತದೆ: ರಸ್ತೆಯ ಗುಂಡಿಗೆ ಇಲ್ಲಿ ರೂಢಿಯಲ್ಲಿರುವ ‘ತಗ್ಗು’ ಎಂಬ ಪದಕ್ಕಿಂತ ಚಿಕ್ಕದಾದ, ಬೇಗ ಮುಟ್ಟುವ ಪದ ಬೇರೆ ಬೇಕಿಲ್ಲ.

ಎರಡನೆಯದು ‘ಬಾಂಕ್’. ದೀರ್ಘ ಸವಾರಿಯಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾದ ಸಕ್ಕರೆಯಂಶ ಬರಿದಾದಾಗ ಕೈಕಾಲು ನಡುಗಿ, ಕಣ್ಣು ಮಂಜಾಗಿ, ಸವಾರ ಒಮ್ಮೆಲೇ ಕುಸಿಯುವ ಸ್ಥಿತಿ ಇದು. ಇದನ್ನು ‘ದಣಿವು’ ಎಂದು ಅನುವಾದಿಸಿದರೆ ಹುಡುಗ ವಿಶ್ರಮಿಸುತ್ತಾನೆ. ‘ದಮ್ಮು ಹತ್ತುವುದು’ ಎಂದರೆ ಉಸಿರು ಸುಧಾರಿಸಿಕೊಳ್ಳಲು ಕಾಯುತ್ತಾನೆ. ನೀರಡಿಕೆ ಎಂದು ತಿಳಿದರೆ ಬರೀ ನೀರು ಕುಡಿಯುತ್ತಾನೆ. ಆಗ ಬೇಕಾದುದು ಸಿಹಿ. ತ್ರಾಣವೇ ಇಲ್ಲದಾಗುವುದನ್ನು ಹೇಳುವ ‘ನಿತ್ರಾಣ’ ಎಂಬ ರೂಢಿಯ ಪದ ಈ ಸ್ಥಿತಿಗೆ ಹೆಚ್ಚು ಸಮೀಪವಾದುದು. ‘ದಮ್ಮು ಹತ್ತಿದರೆ ಸಾವಕಾಶ ಹೊಡಿ, ನಿತ್ರಾಣಾದರೆ ಬೆಲ್ಲ ತಿನ್ನು’ ಎಂಬ ಸೂಚನೆಯಲ್ಲಿ ಪದದ ಅರ್ಥಭೇದವೇ ಉಪಚಾರದ ಭೇದವಾಗುತ್ತದೆ.

6. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಹೊರಪಡುತ್ತವೆ. ಒಂದು, ಸವಾರರ ಒಳನುಡಿ ಹೊರಗಿನವರಿಂದ ಗುಟ್ಟು ಮುಚ್ಚಲು ಹುಟ್ಟಿದ್ದಲ್ಲ. ಚಲಿಸುವ ಗುಂಪಿನಲ್ಲಿ ಕ್ಷಣಾರ್ಧದಲ್ಲಿ ಕೆಲಸ ಮಾಡಿಸಲು ಹುಟ್ಟಿದ್ದು. ಆದ್ದರಿಂದ ಪದದ ಅರ್ಥವನ್ನು ಅದು ಮಾಡಿಸುವ ಕೆಲಸದಲ್ಲಿ ಹುಡುಕಬೇಕು. ಎರಡು, ಯಂತ್ರದ ಭಾಗಗಳಿಗೆ ಬಂದ ಎರವಲು ಪದಗಳು ಕನ್ನಡದ ನಿಯಮಕ್ಕೆ ಒಗ್ಗಿವೆ. ಅವುಗಳನ್ನು ಕಿತ್ತು ‘ದ್ವಿಚಕ್ರಿಕೆ’ಯಂಥ ಪದಗಳನ್ನು ಹೊಸೆಯುವ ಅಗತ್ಯವಿಲ್ಲ. ಮೂರು, ತಂತ್ರ, ಶ್ರಮ ಮತ್ತು ಅಪಾಯಗಳನ್ನು ಹೇಳುವ ಪದಗಳಿಗೆ ಮಾತ್ರ ಈ ಸೀಮೆಯ ಬಂಡಿ, ಬೇಸಾಯ, ಕುಸ್ತಿಗಳ ನುಡಿ ಸಿದ್ಧ ಭಂಡಾರವಾಗಿದೆ.

ಗೇರಿಲ್ಲದ ಹಳೆಯ ಸೈಕಲ್ಲುಗಳೊಡನೆ ರಿಪೇರಿ ಅಂಗಡಿಯ ಪದಗಳೂ, ಚಕ್ಕಡಿಗಳೊಡನೆ ಅವುಗಳ ಪದಗಳೂ ಬಳಕೆಯಿಂದ ಸರಿಯುತ್ತಿವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಾಲೇಜುಗಳ ಕನ್ನಡ ವಿಭಾಗಗಳು ಸೈಕಲ್ ರಿಪೇರಿ ಮಾಡುವ ಹಿರಿಯರಿಂದ, ಶರ್ಯತ್ತಿನ ಬಂಡಿ ಹೊಡೆಯುವವರಿಂದ ಹಾಗೂ ಇಂದಿನ ಸವಾರರಿಂದ ಈ ಪದಗಳನ್ನು ಪ್ರಯೋಗ ಸಂದರ್ಭದ ಸಮೇತ ದಾಖಲಿಸಿಕೊಳ್ಳುವುದು ಸಾಧ್ಯ. ಮೂವರ ಪದಗಳೂ ಒಂದೇ ಕೋಶದಲ್ಲಿ ಸೇರಿದಾಗ ತರಬೇತಿಗೆ ಹೊರಟ ಹಳ್ಳಿಯ ಹುಡುಗ ಹುಡುಗಿಯರಿಗೆ ಆಟ ತಮ್ಮ ನುಡಿಯಲ್ಲಿಯೇ ತಿಳಿಯುತ್ತದೆ. ಕನ್ನಡ ನಿಘಂಟು ರಚನೆಗೂ ಇದುವರೆಗೆ ಪ್ರವೇಶ ಪಡೆಯದ ಒಂದು ಜೀವಂತ ಪದವರ್ಗ ದೊರೆಯುತ್ತದೆ.