ಮನೆಯ ವಿದ್ಯುತ್ ತಂತಿಗಳು

ನಮ್ಮ ಕಡೆಯ ಮನೆಗಳಲ್ಲಿ ತಾಂಡೂರಿನ ಫರಸಿಯನ್ನು ಥಳಥಳಿಸುವಂತೆ ಒರೆಸುತ್ತೇವೆ. ಮೂಲೆಯಲ್ಲಿ ಹೆಣೆದುಕೊಂಡ ವಿದ್ಯುತ್ ತಂತಿಗಳನ್ನು ಮಾತ್ರ ಚಾಪೆಯಡಿ ತಳ್ಳಿ, ಒಪ್ಪವಾಯಿತೆಂದು ಸುಮ್ಮನಾಗುತ್ತೇವೆ. ಅಪಾಯ ಅಲ್ಲಿಯೇ ಇದೆ.

ವಿದ್ಯುತ್ ಹರಿಯುವ ತಂತಿ ಬಿಸಿಯಾಗುತ್ತದೆ. ಪ್ರವಾಹವು ಎರಡು ಪಟ್ಟಾದರೆ ಶಾಖವು ನಾಲ್ಕು ಪಟ್ಟಾಗುವುದೆಂದು ಜೌಲನ ನಿಯಮದಲ್ಲಿ ಓದಿದ್ದೇವೆ. ಈ ಶಾಖ ಗಾಳಿಗೆ ಸೇರಿಹೋಗಬೇಕು. ಚಾಪೆಯಡಿಯಲ್ಲಿ, ಅಥವಾ ಸುರುಳಿ ಸುತ್ತಿ ಕಟ್ಟಿದ ತಂತಿಯಲ್ಲಿ, ಅದಕ್ಕೆ ದಾರಿಯಿಲ್ಲ. ಮೇಲಿನ ಹೊದಿಕೆ ಮೆತ್ತಗಾಗಿ ಕರಗುತ್ತದೆ.

ಒಂದು ಲೆಕ್ಕ ಮಾಡೋಣ. ಮನೆಗೆ ಬರುವುದು 230 ವೋಲ್ಟ್. 6 ಆಂಪಿಯರಿನ ಬೋರ್ಡು ತಾಳುವುದು 230 × 6, ಅಂದರೆ 1380 ವಾಟ್. ನೀರು ಕಾಯಿಸುವ 1500 ವಾಟ್‌ನ ರಾಡೊಂದೇ ಇದನ್ನು ಮೀರುತ್ತದೆ! ಜೊತೆಗೆ 1000 ವಾಟ್‌ನ ಇಸ್ತ್ರಿಪೆಟ್ಟಿಗೆ ಸೇರಿದರೆ ಸುಮಾರು 11 ಆಂಪಿಯರ್. ಶಾಖ ಮೂರು ಪಟ್ಟಿಗೂ ಮಿಕ್ಕು. ಬೋರ್ಡಿನಲ್ಲಿ ತೂತುಗಳು ನಾಲ್ಕಿದ್ದರೂ ಅದರ ಹಿಂದಿನ ತಂತಿ ಒಂದೇ. (ಅಂಗಡಿಯವರು ಇದನ್ನು ಹೇಳುವುದಿಲ್ಲ.) ರಾಡನ್ನು ಗೋಡೆಯ 16 ಆಂಪಿಯರಿನ ಸಾಕೆಟ್ಟಿಗೇ ಹಾಕಬೇಕು.

ಪ್ಲಗ್ಗಿನ ಮೂರನೆಯ ಕಡ್ಡಿ ಉದ್ದವೂ ದಪ್ಪವೂ ಏಕೆ? ತೂರಿಸುವಾಗ ಭೂಸಂಪರ್ಕ ಮೊದಲು ಆಗಲಿ, ಕೀಳುವಾಗ ಕೊನೆಗೆ ಬಿಡಲಿ ಎಂದು. ದಪ್ಪವಾದುದರಿಂದ ಬೇರೆ ತೂತಿಗೆ ಹೋಗದು. ಸಾಕೆಟ್ಟು ಎರಡೇ ತೂತಿನದೆಂದು ಈ ಕಡ್ಡಿಯನ್ನು ಮುರಿದು ಹಾಕುವ ಜಾಣರೂ ಇದ್ದಾರೆ! ಒಳಗಿನ ತಂತಿ ಇಸ್ತ್ರಿಪೆಟ್ಟಿಗೆಯ ಲೋಹಕ್ಕೆ ತಾಗಿದರೆ, ವಿದ್ಯುತ್ತು ಈ ಕಡ್ಡಿಯ ಮೂಲಕ ಭೂಮಿಗಿಳಿದು ಫ್ಯೂಜು ಹೋಗುತ್ತದೆ. ಕಡ್ಡಿಯಿಲ್ಲದಿದ್ದರೆ, ಒದ್ದೆ ಫರಸಿಯ ಮೇಲೆ ಬರಿಗಾಲಲ್ಲಿ ನಿಂತವರ ಮೈಯ ಮೂಲಕವೇ ಇಳಿಯುತ್ತದೆ.

ಕಚೇರಿಯಲ್ಲಾದರೆ ಕಂಪ್ಯೂಟರು, ಪ್ರಿಂಟರುಗಳ ತಂತಿಗಳನ್ನು ಗೋಡೆಯ ಪಕ್ಕದಲ್ಲಿ ಸಡಿಲವಾಗಿ ಸಾಗಿಸಿ, ಪ್ರತಿಯೊಂದರ ತುದಿಗೂ ಹೆಸರಿನ ಚೀಟಿ ಅಂಟಿಸಬೇಕು. ಚೀಟಿಯಿದ್ದರೆ, ಹೊಗೆಯಾಡಿದಾಗ ಯಾವುದನ್ನು ಕೀಳಬೇಕೆಂದು ತಡಕಾಡಬೇಕಾಗುವುದಿಲ್ಲ.