ಚೋಮ ಏಳನೇ ನಂಬರ್ ಫಾರಂ ತುಂಬಿದರೆ

ಕಾನೂನು ವಿದ್ಯಾರ್ಥಿ ಓದುವ ತೀರ್ಪುಗಳಲ್ಲಿ ಸಂಗತಿಗಳು ಎರಡು ಪ್ಯಾರಾದಲ್ಲಿ ಮುಗಿದುಹೋಗುತ್ತವೆ. ಕೆಳಗಿನ ಕೋರ್ಟು, ಮೇಲ್ಮನವಿ, ಹೈಕೋರ್ಟು ದಾಟಿ ಬರುವಷ್ಟರಲ್ಲಿ ಬೇಡವೆನಿಸಿದ್ದೆಲ್ಲ ಉದುರಿರುತ್ತದೆ. ಅದೇ ವಿದ್ಯಾರ್ಥಿ ಸನ್ನದು ಪಡೆದು ಕಚೇರಿಯಲ್ಲಿ ಕುಳಿತಾಗ ಎದುರಿಗೆ ಬರುವ ಕಕ್ಷಿದಾರ ಅಜ್ಜನ ಕಾಲದಿಂದ ಶುರುಮಾಡುತ್ತಾನೆ. ಬೇಲಿಯ ತಕರಾರಿನ ನಡುವೆ ತಂಗಿಯ ಮದುವೆ ಬರುತ್ತದೆ, ಯಾರೋ ಆಡಿದ ಮಾತು ಬರುತ್ತದೆ, ಸತ್ತ ದನ ಬರುತ್ತದೆ. ಇದರಲ್ಲಿ ಕೇಸು ಯಾವುದು, ಸಂಕಟ ಯಾವುದು ಎಂದು ಬೇರ್ಪಡಿಸುವುದನ್ನು ನಾವು ಎಲ್ಲೂ ಕಲಿಸಿರುವುದಿಲ್ಲ. ನಾನು ಕರಾವಳಿಯ ಕಾನೂನು ತರಗತಿಗಳಿಗೆ ಕಾದಂಬರಿ, ನಾಟಕ, ತಾಳಮದ್ದಳೆಗಳನ್ನು ತಂದದ್ದು ಈ ಕೊರತೆಗಾಗಿಯೇ. ಅಮೆರಿಕದಲ್ಲಿ ಜೇಮ್ಸ್ ಬಾಯ್ಡ್ ವೈಟ್ ಎಂಬ ಅಧ್ಯಾಪಕರು 1973ರಲ್ಲಿ ‘ದಿ ಲೀಗಲ್ ಇಮ್ಯಾಜಿನೇಷನ್’ ಬರೆದ ಮೇಲೆ ಈ ಬಗೆಯ ಬೋಧನೆಗೆ ಒಂದು ಶಿಸ್ತಿನ ಹೆಸರು ಬಂತು. ನಮಗೆ ಬೇಕಾದ ಸಾಮಗ್ರಿಯಂತೂ ನಮ್ಮ ಕಪಾಟಿನಲ್ಲೇ ಇತ್ತು. ಇಷ್ಟು ವರ್ಷಗಳಲ್ಲಿ ನನಗೆ ತಿಳಿದುಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಕಥೆಯನ್ನು ಕಾಯಿದೆಯ ಪಕ್ಕದಲ್ಲೇ ಇಡಿ

ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಅದನ್ನು ಓದಿಸಿ “ಎಷ್ಟು ಅನ್ಯಾಯ ಅಲ್ಲವೇ” ಎಂದು ಕೇಳಿದರೆ ತರಗತಿ ತಲೆಯಾಡಿಸುತ್ತದೆ, ಅಲ್ಲಿಗೆ ಪಾಠ ಮುಗಿಯುತ್ತದೆ. ಹಾಗಾಗಿ ನಾನು ಕಾದಂಬರಿಯ ಜೊತೆಗೇ ಕರ್ನಾಟಕ ಭೂಸುಧಾರಣಾ ಕಾಯಿದೆಯನ್ನೂ ಕೊಡುತ್ತೇನೆ. ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರ ಏಳನೇ ನಂಬರ್ ಫಾರಂ ತುಂಬಿ ಭೂ ನ್ಯಾಯ ಮಂಡಳಿಯ ಮುಂದೆ ಹೋಗಬೇಕಿತ್ತು. ನಮ್ಮ ಜಿಲ್ಲೆಗಳ ಮಕ್ಕಳಿಗೆ ಈ ಫಾರಂ ಹೊಸತಲ್ಲ. ಕೆಲವರ ಮನೆಗೆ ಭೂಮಿ ಬಂದದ್ದು ಅದರಿಂದ, ಕೆಲವರ ಮನೆಯ ಭೂಮಿ ಹೋದದ್ದೂ ಅದರಿಂದ.

“ಚೋಮ 1974ರಲ್ಲಿ ಬದುಕಿದ್ದಾನೆ ಎಂದಿಟ್ಟುಕೊಳ್ಳಿ, ಅವನ ಪರವಾಗಿ ಫಾರಂ ತುಂಬಿ” ಎನ್ನುತ್ತೇನೆ. ಉತ್ಸಾಹದಿಂದ ಶುರುವಾದ ಕೆಲಸ ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ. ಯಾವ ಜಮೀನು? ಗೇಣಿ ಎಷ್ಟು? ರಶೀದಿ ಎಲ್ಲಿ? ಚೋಮ ಗೇಣಿದಾರನೇ ಅಲ್ಲ, ಧಣಿಯ ಮೂಲದಾಳು. ಒಂದು ತುಂಡು ಭೂಮಿಯನ್ನು ಸ್ವಂತಕ್ಕೆ ಬೇಸಾಯ ಮಾಡಬೇಕೆಂಬ ಅವನ ಆಸೆ ಧಣಿ ಸಂಕಪ್ಪಯ್ಯನ ಮನೆಯಲ್ಲಿ ಜಾತಿಯ ಕಟ್ಟಿಗೆ ಬಡಿದು ಹಿಂದಿರುಗುತ್ತದೆ. ಉಳುವವನಿಗೇ ಹೊಲ ಎಂದು ಹೊರಟ ಕಾನೂನಿನ ಬಾಗಿಲು ಉಳಲು ಗೇಣಿಗೂ ಭೂಮಿ ಸಿಗದವನ ಎದುರಿಗೆ ಬಂದಾಗ ಕಿರಿದಾಗುತ್ತದೆ. ಕೃಷಿ ಕಾರ್ಮಿಕನಿಗೆ ವಾಸದ ಮನೆಯ ಹಕ್ಕು ಸಿಗುವ ದಾರಿ ಅದೇ ಕಾಯಿದೆಯಲ್ಲಿದೆ ಎಂದು ಹುಡುಕಿ ತೆಗೆಯುವವರೂ ಇರುತ್ತಾರೆ. ಆಗ ಇನ್ನೊಬ್ಬರು ಏಳುತ್ತಾರೆ: “ಚೋಮ ಕೇಳಿದ್ದು ಗುಡಿಸಲನ್ನಲ್ಲ ಸರ್, ಗದ್ದೆಯನ್ನು.”

ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುವುದು ಸಾಲ ತೀರಿಸಲು. ಕಾದಂಬರಿ ಪ್ರಕಟವಾದ 1933ರಲ್ಲೇ ಬ್ರಿಟಿಷ್ ಸರ್ಕಾರ ಮಕ್ಕಳ ದುಡಿಮೆಯನ್ನು ಒತ್ತೆಯಿಡುವ ಕರಾರುಗಳನ್ನು ಅನೂರ್ಜಿತಗೊಳಿಸುವ ಕಾಯಿದೆ ತಂದಿತ್ತು. ಆದರೆ ಅದು ಹದಿನೈದು ವರ್ಷದೊಳಗಿನವರಿಗೆ ಮಾತ್ರ. ಬೆಳೆದ ಮಗ ಅಪ್ಪನ ಸಾಲಕ್ಕೆ ದುಡಿದು ಜ್ವರ ಬಂದು ಸತ್ತರೆ ಆ ಕಾಯಿದೆಗೆ ಕಾಣುವುದಿಲ್ಲ. ಜೀತ ಪದ್ಧತಿ ರದ್ದತಿ ಕಾಯಿದೆಗೆ 1976ರವರೆಗೆ ಕಾಯಬೇಕಾಯಿತು. ಇನ್ನು ಚೋಮನ ಇನ್ನೊಬ್ಬ ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಮುಟ್ಟಬಾರದೆಂದು ಸುಮ್ಮನಿದ್ದರಲ್ಲ, ಅದು ಅಪರಾಧವೇ? ರಕ್ಷಿಸುವ ಕಾನೂನುಬದ್ಧ ಕರ್ತವ್ಯವಿದ್ದರೆ ಮಾತ್ರ ಸುಮ್ಮನಿರುವುದು ಅಪರಾಧವಾಗುತ್ತದೆ ಎಂಬ ತತ್ತ್ವವನ್ನು ಇದಕ್ಕಿಂತ ತೀಕ್ಷ್ಣವಾಗಿ ಕಲಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಭೂ ನ್ಯಾಯ ಮಂಡಳಿಗಳ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂಬ ನಿರ್ಬಂಧವೂ ಇತ್ತು; ಸುಪ್ರೀಂ ಕೋರ್ಟ್ 1987ರಲ್ಲಿ ಅದನ್ನು ತೆಗೆದುಹಾಕಿತು. ಬಡ ಗೇಣಿದಾರನಿಗೆ ಅದರಿಂದ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬ ಚರ್ಚೆ ಇಡೀ ಒಂದು ಪೀರಿಯಡ್ ಬೇಡುತ್ತದೆ, ಕೊಡಿ.

ಒಂದು ಎಚ್ಚರ. ಈ ಪಾಠದಲ್ಲಿ ದಲಿತ ವಿದ್ಯಾರ್ಥಿಯ ಕಡೆಗೆ ತಿರುಗಿ “ನೀನು ಹೇಳು” ಎನ್ನಬೇಡಿ. ತನ್ನ ಮನೆಯ ಕಥೆಯನ್ನು ತರಗತಿಗೆ ಸಾಕ್ಷ್ಯವಾಗಿ ಒಪ್ಪಿಸುವ ಹೊಣೆ ಯಾರ ಮೇಲೂ ಇಲ್ಲ. ಮಾತಾಡಬೇಕೆನಿಸಿದವರು ತಾವಾಗಿ ಮಾತಾಡುತ್ತಾರೆ.

2. ವಾದ ಕಲಿಯಲು ತಾಳಮದ್ದಳೆಗಿಂತ ದೊಡ್ಡ ಶಾಲೆ ಇಲ್ಲ

ಅಣಕು ನ್ಯಾಯಾಲಯದ ಸ್ಪರ್ಧೆಗಳಲ್ಲಿ ಮಕ್ಕಳು ಬಾಯಿಪಾಠ ಒಪ್ಪಿಸುವುದನ್ನು ನೋಡಿ ನೋಡಿ ಸಾಕಾಗಿ ನಾನು ‘ವಾಲಿಮೋಕ್ಷ’ಕ್ಕೆ ತಿರುಗಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲೇ ಅರ್ಥ ಹೇಳುತ್ತಾನೆ. ಎದುರಾಳಿ ಏನು ಎತ್ತುತ್ತಾನೆ ಎಂಬುದು ಮೊದಲೇ ಗೊತ್ತಿರುವುದಿಲ್ಲ, ಆದರೂ ಪದದ ಚೌಕಟ್ಟನ್ನು ಮೀರುವಂತಿಲ್ಲ. ದಾಖಲೆಯ ಆಚೆಗೆ ಹೋಗದೆ ವಾದ ಬೆಳೆಸುವುದೆಂದರೆ ಇದೇ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ, ಸಾಯುತ್ತಿರುವವನು ಗೆದ್ದವನನ್ನು ಎಷ್ಟು ದೂರ ಕಟಕಟೆಗೆ ಎಳೆದೊಯ್ಯಬಲ್ಲ ಎಂಬುದು ಗೊತ್ತು.

ವಾಲಿಯ ಆಕ್ಷೇಪಗಳನ್ನು ಒಂದೊಂದಾಗಿ ಬೋರ್ಡಿನ ಮೇಲೆ ಬರೆಸುತ್ತೇನೆ. ನನಗೂ ನಿನಗೂ ವ್ಯಾಜ್ಯವೇನಿತ್ತು? ಇನ್ನೊಬ್ಬನೊಂದಿಗೆ ಹೋರಾಡುತ್ತಿದ್ದವನ ಮೇಲೆ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ? ನನ್ನನ್ನು ಕರೆಸಿ ಕೇಳಿದೆಯಾ? ಕಾನೂನಿನ ಮಾತಿನಲ್ಲಿ ಇದು ಅಧಿಕಾರ ವ್ಯಾಪ್ತಿ, ನೋಟಿಸು, ಅಹವಾಲು ಕೇಳುವ ಕರ್ತವ್ಯ. ರಾಮನ ಉತ್ತರವೂ ಗಟ್ಟಿಯಾದದ್ದೇ: ಈ ನೆಲ ಇಕ್ಷ್ವಾಕುಗಳ ಆಳ್ವಿಕೆಗೆ ಸೇರಿದೆ, ಭರತನ ಪರವಾಗಿ ದಂಡಿಸುವ ಅಧಿಕಾರ ನನಗಿದೆ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ದಂಡಾರ್ಹ, ಮೇಲಾಗಿ ಮೃಗವನ್ನು ಮರೆಯಲ್ಲಿ ನಿಂತು ಬೇಟೆಯಾಡುವುದು ಕ್ಷತ್ರಿಯನಿಗೆ ದೋಷವಲ್ಲ. ಇಲ್ಲಿ ತರಗತಿ ಎಚ್ಚೆತ್ತುಕೊಳ್ಳುತ್ತದೆ. ವಾಲಿ ಮೃಗವಾದರೆ ಮನುಷ್ಯರ ಧರ್ಮದಿಂದ ಅವನನ್ನು ಅಳೆಯುವುದು ಹೇಗೆ? ಧರ್ಮಕ್ಕೆ ಬದ್ಧನಾದವನಾದರೆ ಬೇಟೆಯ ನಿಯಮ ಹೇಗೆ ಅನ್ವಯಿಸುತ್ತದೆ? ಒಂದಕ್ಕೊಂದು ಹೊಂದದ ಎರಡು ಸಮರ್ಥನೆಗಳನ್ನು ಒಟ್ಟಿಗೆ ಮುಂದಿಟ್ಟರೆ ಏನಾಗುತ್ತದೆ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹಿಡಿದುಕೊಂಡು ಒಂದು ವಾರ ಹೇಳಿದರೂ ಇಷ್ಟು ನಾಟುವುದಿಲ್ಲ.

ಕೇಂಬ್ರಿಜ್ ವಿಶ್ವವಿದ್ಯಾಲಯ ಡಾ. ಬೆಂಟ್ಲಿಯ ಪದವಿಗಳನ್ನು ವಿಚಾರಣೆಯಿಲ್ಲದೆ ಕಿತ್ತುಕೊಂಡಾಗ, 1723ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರೊಬ್ಬರು ದೇವರೂ ಆದಮನನ್ನು ಕರೆದು ಕೇಳಿದ ಮೇಲೆಯೇ ಶಿಕ್ಷಿಸಿದ ಎಂದು ನೆನಪಿಸಿದರು. ಸಹಜ ನ್ಯಾಯದ ಪಠ್ಯಗಳೆಲ್ಲ ಆ ಮಾತನ್ನು ಎತ್ತಿಕೊಳ್ಳುತ್ತವೆ. ಆದಮನ ಕಥೆಯಿಂದ ಕಲಿಯಬಹುದಾದರೆ ವಾಲಿಯ ಕಥೆಯಿಂದಲೂ ಕಲಿಯಬಹುದು. ಆಮೇಲೆ ಮೇನಕಾ ಗಾಂಧಿ ಪ್ರಕರಣದ 1978ರ ತೀರ್ಪಿಗೆ ಹೋದರೆ ಪಾಸ್‌ಪೋರ್ಟ್ ಕಿತ್ತುಕೊಂಡ ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆಗಳು ವಿದ್ಯಾರ್ಥಿಗಳ ಬಾಯಲ್ಲಿ ಸಿದ್ಧವಾಗಿರುತ್ತವೆ.

ಮೊದಲ ಸುತ್ತು ಮುಗಿದ ಕೂಡಲೇ ಪಾತ್ರ ಅದಲುಬದಲು ಮಾಡಿಸಿ. ರಾಮನಾಗಿದ್ದವನು ವಾಲಿಯಾಗಲಿ. ಪ್ರಸಂಗದಲ್ಲಿ ವಾಲಿ ಸಾಯುವುದು ಖಚಿತ, ವಾದದಿಂದ ಅದು ತಪ್ಪುವುದಿಲ್ಲ. ಸೋಲು ಗೊತ್ತಿದ್ದೂ ಕಕ್ಷಿದಾರನ ಮಾತನ್ನು ಪೂರ್ತಿಯಾಗಿ ದಾಖಲೆಗೆ ತರುವುದು ವಕೀಲನ ಕೆಲಸದಲ್ಲಿ ದೊಡ್ಡ ಪಾಲು. ಮರಣದಂಡನೆಯ ಮೇಲ್ಮನವಿಗಳನ್ನು ನಡೆಸುವವರು ಇದನ್ನು ಬಲ್ಲರು.

3. ತೀರ್ಪನ್ನೂ ಕಥೆ ಓದುವ ಕಣ್ಣಿನಿಂದ ಓದಿಸಿ

ಇದು ಎಲ್ಲಕ್ಕಿಂತ ಮುಖ್ಯವೆಂದು ನಾನು ನಂಬಿರುವ ಪಾಠ. ಮಥುರಾ ಪ್ರಕರಣವನ್ನು ತೆಗೆದುಕೊಳ್ಳಿ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಆರೋಪ ಅದು. ಸೆಷನ್ಸ್ ಕೋರ್ಟ್ ಪೊಲೀಸರನ್ನು ಬಿಡುಗಡೆ ಮಾಡಿತು, ಹೈಕೋರ್ಟ್ ಶಿಕ್ಷಿಸಿತು, 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಡುಗಡೆ ಮಾಡಿತು. ಸಾಕ್ಷ್ಯ ಮೂರೂ ಕಡೆ ಅದೇ. ಮೈಮೇಲೆ ಗಾಯದ ಗುರುತಿಲ್ಲ ಎಂಬುದನ್ನು ಒಂದು ನ್ಯಾಯಾಲಯ ಒಪ್ಪಿಗೆಯ ಕಡೆಗೆ ಓದಿತು, ಇನ್ನೊಂದು ಭಯಕ್ಕೆ ಶರಣಾದದ್ದು ಒಪ್ಪಿಗೆಯಲ್ಲ ಎಂದಿತು. ವಾಕ್ಯಗಳಲ್ಲಿ ಕರ್ತೃ ಯಾರು, ಹುಡುಗಿ ಯಾವ ವಾಕ್ಯದಲ್ಲಿ ಮಾತಾಡುತ್ತಾಳೆ, ಎಲ್ಲಿ ಬರೀ ಅವಳ ಬಗ್ಗೆ ಹೇಳಲಾಗುತ್ತದೆ, ಠಾಣೆಯ ಬಾಗಿಲು ಮತ್ತು ರಾತ್ರಿಯ ಹೊತ್ತು ಎಷ್ಟು ಸಲ ಬರುತ್ತವೆ ಎಂದು ಗೆರೆ ಹಾಕಿಸುತ್ತೇನೆ. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬರೆದ ಬಹಿರಂಗ ಪತ್ರ ಮಾಡಿದ್ದೂ ಇದೇ ಬಗೆಯ ಓದನ್ನು. ಅಲ್ಲಿಂದೆದ್ದ ಚಳವಳಿ 1983ರಲ್ಲಿ ಕಾನೂನನ್ನೇ ತಿದ್ದಿಸಿತು. ಓದುವುದರಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಈ ಪತ್ರವನ್ನು ಕೊಡುತ್ತೇನೆ.

ಇದಕ್ಕೆ ಮೊದಲ ವಾರದಲ್ಲಿ ವೈದೇಹಿಯವರ ‘ಅಕ್ಕು’ ಓದಿಸಿದರೆ ದಾರಿ ಸುಗಮ. ಮನೆಯವರು ಹುಚ್ಚಿ ಎನ್ನುವ ಹೆಂಗಸು ಮನೆಯ ನಿಜಗಳನ್ನೆಲ್ಲ ಬಲ್ಲವಳು. ಬುದ್ಧಿ ಸ್ಥಿಮಿತವಿಲ್ಲ ಎನಿಸಿಕೊಂಡವರೂ ಪ್ರಶ್ನೆ ಅರ್ಥಮಾಡಿಕೊಂಡು ಉತ್ತರಿಸಬಲ್ಲವರಾದರೆ ಸಾಕ್ಷಿ ಹೇಳಬಹುದು ಎಂದು ನಮ್ಮ ಸಾಕ್ಷ್ಯ ಕಾನೂನು ಹಿಂದಿನಿಂದಲೂ ಹೇಳುತ್ತದೆ. ಅಕ್ಕುವಿನ ಪಾಟೀ ಸವಾಲು ಮಾಡಿ, ಆದರೆ ಅವಳನ್ನು ಅವಮಾನಿಸದೆ ಮಾಡಿ ಎಂದರೆ ಮಕ್ಕಳು ಬಹಳ ಹೊತ್ತು ಯೋಚಿಸುತ್ತಾರೆ.

4. ತಬರನ ಕಡತವನ್ನು ಬರೆಸಿ

ಆಡಳಿತ ಕಾನೂನು ಒಣ ವಿಷಯ ಎಂಬ ದೂರನ್ನು ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ ಹೋಗಲಾಡಿಸುತ್ತದೆ. ಗಿರೀಶ ಕಾಸರವಳ್ಳಿಯವರ 1986ರ ಚಿತ್ರವನ್ನೂ ತೋರಿಸಬಹುದು, ಆದರೆ ಓದು ಮೊದಲಾಗಲಿ. ನಿವೃತ್ತ ಜವಾನನೊಬ್ಬ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹೆಂಡತಿ ಸಕ್ಕರೆ ಕಾಯಿಲೆಯಿಂದ ನರಳುತ್ತಾ, ಹಣವಿಲ್ಲದೆ, ಚಿಕಿತ್ಸೆಯಿಲ್ಲದೆ ಸಾಯುತ್ತಾಳೆ. ನಾನು ಸಾರಾಂಶ ಕೇಳುವುದಿಲ್ಲ. ತಬರನ ಕಡತದ ಟಿಪ್ಪಣಿ ಹಾಳೆಯನ್ನು ಗುಮಾಸ್ತನ ಭಾಷೆಯಲ್ಲೇ ತಾರೀಖುವಾರು ಬರೆಯಿರಿ ಎನ್ನುತ್ತೇನೆ. “ಪರಿಶೀಲಿಸಲಾಗಿ”, “ಸೂಕ್ತ ಕ್ರಮಕ್ಕಾಗಿ ರವಾನಿಸಿದೆ” ಎಂದು ಬರೆಯುತ್ತಾ ಹೋದಂತೆ ವಿದ್ಯಾರ್ಥಿಗೆ ಒಂದು ಭಯಂಕರ ವಿಷಯ ಕಾಣುತ್ತದೆ: ಆ ಹಾಳೆಯಲ್ಲಿ ಯಾರೂ ಕಾನೂನು ಮುರಿದಂತೆ ತೋರುವುದಿಲ್ಲ, ಹೆಂಡತಿಯ ಕಾಯಿಲೆಗೆ ಅದರಲ್ಲಿ ಜಾಗವೇ ಇಲ್ಲ.

ಆಮೇಲೆ ನಕಾರಾ ಪ್ರಕರಣಕ್ಕೆ ಬನ್ನಿ. ಪಿಂಚಣಿ ಸರ್ಕಾರದ ಕೃಪೆಯಲ್ಲ, ನೌಕರನ ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ಎತ್ತಿಹಿಡಿಯಿತು. ಪಿಂಚಣಿದಾರರು ಇಂದಿಗೂ ಆ ದಿನವನ್ನು ಆಚರಿಸುತ್ತಾರೆ. ತಬರನ ಪರವಾಗಿ ರಿಟ್ ಹಾಕಿ ಎನ್ನುವುದು ಸುಲಭ. ಅವನು ಹೈಕೋರ್ಟಿನವರೆಗೆ ಹೋಗುವುದು ಹೇಗೆ, ಬಸ್ ಚಾರ್ಜು ಯಾರು ಕೊಡುತ್ತಾರೆ, ಎಂದು ಕೇಳಿದಾಗ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಮತ್ತು ನಮ್ಮ 2011ರ ಸಕಾಲ ಕಾಯಿದೆ ಓದಲು ಕಾರಣ ಸಿಗುತ್ತದೆ. ಗಡುವು ಮೀರಿದ ಅಧಿಕಾರಿ ದಿನಕ್ಕಿಷ್ಟು ಎಂದು ಪರಿಹಾರ ಕೊಡಬೇಕೆಂಬ ನಿಯಮ ಇದ್ದಿದ್ದರೆ ತಬರನ ಕಥೆ ಬದಲಾಗುತ್ತಿತ್ತೇ ಎಂಬ ಪ್ರಶ್ನೆಗೆ ತರಗತಿ ಎಂದೂ ಒಂದೇ ಉತ್ತರಕ್ಕೆ ಬರುವುದಿಲ್ಲ.

5. ಕಾದಂಬರಿ ಸಾಕ್ಷ್ಯವಲ್ಲ ಎಂಬುದನ್ನೂ ಹೇಳಿಕೊಡಿ

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದ ವಿದ್ಯಾರ್ಥಿಗಳು ಆ ರಾಜನ ಬಗ್ಗೆ ತೀರ್ಪು ಕೊಟ್ಟುಬಿಡುತ್ತಾರೆ. ಕೊಡಗನ್ನು ಕಂಪನಿ ವಶಪಡಿಸಿಕೊಂಡದ್ದು 1834ರಲ್ಲಿ. ಪದಚ್ಯುತ ರಾಜ 1852ರಲ್ಲಿ ಇಂಗ್ಲೆಂಡಿಗೆ ಹೋಗಿ, ತನ್ನಿಂದ ಕಿತ್ತುಕೊಂಡ ಪ್ರಾಮಿಸರಿ ನೋಟುಗಳ ಹಣಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆಯೇ ದಾವೆ ಹೂಡಿದ. 1859ರಲ್ಲಿ ತೀರಿಕೊಂಡ. ಮರುವರ್ಷ ನ್ಯಾಯಾಲಯ, ಅದು ರಾಜ್ಯಾಧಿಕಾರ ಚಲಾಯಿಸಿ ಮಾಡಿದ ಕೃತ್ಯ, ತಾನು ಕೈಹಾಕಲಾಗದು ಎಂದು ದಾವೆಯನ್ನು ವಜಾ ಮಾಡಿತು. ಈ ಪ್ರಕರಣ ಇಂದಿಗೂ ಕಾನೂನು ವರದಿಗಳಲ್ಲಿದೆ. ಕಾದಂಬರಿಯ ರಾಜ, ವರದಿಯ ರಾಜ ಇಬ್ಬರನ್ನೂ ಎದುರುಬದುರು ಇಟ್ಟು, ಯಾವುದು ಸಾಬೀತಾದದ್ದು, ಯಾವುದು ಊಹೆ, ಯಾವುದು ಗೆದ್ದವರು ಬರೆದದ್ದು ಎಂದು ಮೂರು ಪಟ್ಟಿ ಮಾಡಿಸಿ. ಸಾಹಿತ್ಯದ ಬಲ ಗೊತ್ತಾದವರಿಗೆ ಅದರ ಗಡಿಯೂ ಗೊತ್ತಿರಬೇಕು, ಇಲ್ಲವಾದರೆ ನಾಳೆ ಚೆನ್ನಾಗಿ ಹೇಳಿದ ಸುಳ್ಳಿಗೆ ಮರುಳಾಗುವ ವಕೀಲರನ್ನು ತಯಾರಿಸಿದಂತಾಗುತ್ತದೆ.

6. ರಂಗದ ಮೇಲಿನ ನ್ಯಾಯವನ್ನು ಅನುಮಾನದಿಂದ ನೋಡಿ

ಗಿರೀಶ ಕಾರ್ನಾಡರ ‘ತುಘಲಕ್’ ಪ್ರಕಟವಾದದ್ದು 1964ರಲ್ಲಿ. ಮೊದಲ ದೃಶ್ಯದಲ್ಲೇ ಬ್ರಾಹ್ಮಣನೊಬ್ಬ ಸುಲ್ತಾನನ ಮೇಲೆ ದಾವೆ ಹೂಡಿ ಗೆಲ್ಲುತ್ತಾನೆ. ಸುಲ್ತಾನ ಜನರೆದುರು ತೀರ್ಪಿಗೆ ತಲೆಬಾಗುತ್ತಾನೆ. ಗೆದ್ದವನು ಬ್ರಾಹ್ಮಣನಲ್ಲ, ಹಿಂದಿನ ತಾರೀಖಿನ ಕರಾರು ಮಾಡಿಸಿಕೊಂಡ ಅಗಸ ಅಜೀಜ್ ಎಂದು ಆಮೇಲೆ ತಿಳಿಯುತ್ತದೆ. ಅದೇ 1964ರಲ್ಲಿ ಸುಪ್ರೀಂ ಕೋರ್ಟ್ ಕಸ್ತೂರಿ ಲಾಲ್ ಪ್ರಕರಣ ತೀರ್ಮಾನಿಸಿತು. ಪೊಲೀಸರು ವಶಕ್ಕೆ ಪಡೆದ ವ್ಯಾಪಾರಿಯ ಚಿನ್ನವನ್ನು ಠಾಣೆಯ ಹೆಡ್ ಕಾನ್‌ಸ್ಟೇಬಲ್ ಲಪಟಾಯಿಸಿ ಪಾಕಿಸ್ತಾನಕ್ಕೆ ಓಡಿಹೋದರೂ, ಸಾರ್ವಭೌಮ ಅಧಿಕಾರ ಚಲಾಯಿಸುವಾಗ ಆದ ನಷ್ಟಕ್ಕೆ ಸರ್ಕಾರ ಹೊಣೆಯಲ್ಲ ಎಂದಿತು. ಸುಳ್ಳು ಕಕ್ಷಿದಾರನಿಗೆ ಸಿಕ್ಕ ಪರಿಹಾರ, ನಿಜವಾದ ಕಕ್ಷಿದಾರನಿಗೆ ಸಿಗದ ಪರಿಹಾರ: ಎರಡನ್ನೂ ಒಂದೇ ದಿನ ಓದಿಸಿ.

7. ಪರೀಕ್ಷೆಯ ಬಗ್ಗೆ, ಭಾಷೆಯ ಬಗ್ಗೆ

ಕೃತಿ ಪೂರ್ತಿ ಓದಿಸಲು ಸೆಮಿಸ್ಟರ್‌ನಲ್ಲಿ ಸಮಯವಿಲ್ಲ. ಒಂದು ಕಥೆ, ಒಂದು ದೃಶ್ಯ, ಒಂದು ಅಧ್ಯಾಯ ಸಾಕು. ಸ್ಟಾಂಪು ಕಾಯಿದೆಗೋ ಕಂಪನಿ ನೋಂದಣಿಗೋ ಕಥೆ ಹುಡುಕುತ್ತಾ ಹೋಗಬೇಡಿ. ಅಂಕವನ್ನು ಕೃತಿಯ ಮೆಚ್ಚುಗೆಗೆ ಕೊಡದೆ, ಬರೆದ ಅರ್ಜಿಗೆ, ಕೇಳಿದ ಪ್ರಶ್ನೆಗೆ, ಗುರುತಿಸಿದ ಸಂಗತಿಗೆ ಕೊಡಿ. ಅಧ್ಯಾಪಕರ ರಾಜಕೀಯ ಒಲವಿಗೆ ತಕ್ಕಂತೆ ಉತ್ತರ ಬರೆದರೆ ಅಂಕ ಬರುತ್ತದೆ ಎಂದು ಮಕ್ಕಳಿಗೆ ಅನಿಸಿದ ದಿನವೇ ಈ ಪಾಠ ಸತ್ತಂತೆ.

ಕನ್ನಡ ಮಾಧ್ಯಮದಿಂದ ಬಂದವರು ಮೊದಲ ವರ್ಷವೆಲ್ಲ ಹಿಂದಿನ ಬೆಂಚಿನಲ್ಲಿ ಮೌನವಾಗಿರುತ್ತಾರೆ. ವಾಲಿಗೋ ತಬರನಿಗೋ ಬಂದಾಗ ಅವರ ದನಿ ಮೇಲೇಳುತ್ತದೆ. ಕೆಳ ನ್ಯಾಯಾಲಯಗಳಲ್ಲಿ ಸಾಕ್ಷಿ ಮಾತಾಡುವುದು ಕನ್ನಡ, ತುಳು, ಬ್ಯಾರಿ, ಕೊಂಕಣಿಗಳಲ್ಲಿ. ಆ ಮಾತಿನ ಏರಿಳಿತ ಹಿಡಿಯಬಲ್ಲ ಕಿವಿ ಇರುವುದು ಇವರಿಗೇ. ಇದನ್ನು ಇಡೀ ತರಗತಿಯ ಎದುರು ಹೇಳಿ, ಅಣಕು ನ್ಯಾಯಾಲಯದ ತಂಡದಲ್ಲೂ ಅವರಿಗೆ ಜಾಗ ಕೊಡಿ. ಹೊಸದಾಗಿ ಶುರುಮಾಡುವವರು ‘ತಬರನ ಕಥೆ’ ಮತ್ತು ಒಂದು ಖಾಲಿ ಟಿಪ್ಪಣಿ ಹಾಳೆಯಿಂದ ಶುರುಮಾಡಬಹುದು. ಎರಡು ಪೀರಿಯಡ್ ಸಾಕಾಗುತ್ತದೆ, ಗ್ರಂಥಾಲಯದಲ್ಲಿ ಪುಸ್ತಕ ಇರುತ್ತದೆ, ಯಾರ ಅನುಮತಿಯೂ ಬೇಕಿಲ್ಲ.